0-16: ಬ್ರೌನ್ಸ್ 2017ರಲ್ಲಿ ಸೋತದ್ದು ಯೋಜನೆಯ ಪ್ರಕಾರವೋ, ಯೋಜನೆ ಕೆಟ್ಟದ್ದರಿಂದಲೋ?

ಎರಿ_ದಂಡೆ

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಪ್ರತಿ ವರ್ಷ ಡ್ರಾಫ್ಟ್ (ಕೊನೆಯ ಸ್ಥಾನದ ತಂಡದಿಂದ ಶುರುವಾಗಿ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವುದು, ಒಂದೊಂದು ಸರದಿಯೂ ಒಂದು ಪಿಕ್) ಹತ್ತಿರ ಬಂದಾಗ ಒಂದೇ ಮಾತು ಕೇಳಿಬರುತ್ತೆ: "ಪೂರ್ತಿ ಸೋತುಬಿಡಲಿ, ಮೊದಲ ಪಿಕ್ ಸಿಗುತ್ತೆ, ಆಮೇಲೆ ತಂಡ ಕಟ್ಟಿಕೊಂಡರಾಯ್ತು." ಹೀಗೆ ಹೇಳುವವರು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ 2016, 2017ರ ಕಥೆಯನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಅದಕ್ಕೇ ಈ ಚರ್ಚೆ ಶುರು ಮಾಡ್ತಿದ್ದೇನೆ.

2016ರಲ್ಲಿ 1-15, ಅಂದರೆ ಒಂದು ಗೆಲುವು, ಹದಿನೈದು ಸೋಲು. ಮರುವರ್ಷ 0-16. ಒಟ್ಟು 32 ಪಂದ್ಯ, ಒಂದೇ ಗೆಲುವು. ಅದೂ 2016ರ ಡಿಸೆಂಬರ್ 24ರಂದು ಸ್ಯಾನ್ ಡಿಯಾಗೊ ಚಾರ್ಜರ್ಸ್ ವಿರುದ್ಧ 20-17ರಲ್ಲಿ. ಹದಿನಾರಕ್ಕೆ ಹದಿನಾರೂ ಸೋತ ತಂಡಗಳು ಎನ್‌ಎಫ್‌ಎಲ್ ಇತಿಹಾಸದಲ್ಲಿ ಎರಡೇ: 2008ರ ಡೆಟ್ರಾಯಿಟ್ ಲಯನ್ಸ್, 2017ರ ಬ್ರೌನ್ಸ್.

ಇದು ಶುರುವಾದದ್ದು 2016ರ ಆರಂಭದಲ್ಲಿ. ಮಾಲೀಕ ಜಿಮ್ಮಿ ಹ್ಯಾಸ್ಲಮ್ ತಂಡದ ಆಡಳಿತವನ್ನು ವಕೀಲ ಸಾಶಿ ಬ್ರೌನ್ ಕೈಗೆ ಕೊಟ್ಟರು. ಬೇಸ್‌ಬಾಲ್‌ನಲ್ಲಿ ಅಂಕಿಅಂಶಗಳ ಲೆಕ್ಕಾಚಾರಕ್ಕೆ ಹೆಸರಾದ ಪಾಲ್ ಡಿಪೊಡೆಸ್ಟಾ ಅವರನ್ನು ಕರೆತಂದರು. ಕೋಚ್ ಆಗಿ ಹ್ಯೂ ಜಾಕ್ಸನ್ ಬಂದರು. ಅದೇ ಮಾರ್ಚ್‌ನಲ್ಲಿ ಆಕ್ರಮಣದ ಮುಂದಿನ ಸಾಲಿನ ಸೆಂಟರ್ ಅಲೆಕ್ಸ್ ಮ್ಯಾಕ್, ಅದೇ ಸಾಲಿನ ರೈಟ್ ಟ್ಯಾಕಲ್ ಮಿಚೆಲ್ ಶ್ವಾರ್ಟ್ಜ್, ಹಿಂದೆ ನಿಂತು ತಡೆಯುವ ಸೇಫ್ಟಿ ತಶಾನ್ ಗಿಪ್ಸನ್, ಪಾಸ್ ಹಿಡಿಯುವ ರಿಸೀವರ್ ಟ್ರಾವಿಸ್ ಬೆಂಜಮಿನ್ ನಾಲ್ವರೂ ಬೇರೆ ತಂಡಗಳಿಗೆ ಹೋದರು. ಮ್ಯಾಕ್ ಆ ಸೀಸನ್ನಿನಲ್ಲೇ ಅಟ್ಲಾಂಟಾ ಪರವಾಗಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಆಡಿದರು. ಶ್ವಾರ್ಟ್ಜ್ ಮುಂದೆ ಕ್ಯಾನ್ಸಸ್ ಸಿಟಿಯಲ್ಲಿ ಸೂಪರ್ ಬೌಲ್ ಗೆದ್ದರು. 2017ರ ಸೀಸನ್ ಶುರುವಾಗುವ ಹೊತ್ತಿಗೆ ಜೋ ಹೇಡನ್ ಅವರನ್ನೂ ಕೈಬಿಟ್ಟರು. ಅವರು ನೇರವಾಗಿ ಬದ್ಧವೈರಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಸೇರಿ ಮೊದಲ ಪಂದ್ಯದಲ್ಲೇ ನಮ್ಮೆದುರು ನಿಂತರು. ಹೊಸ ಮನೆಗೆ ದುಡ್ಡು ಕೂಡಿಸುತ್ತೇವೆಂದು ಹಳೇ ಮನೆಯ ಕಂಬಗಳನ್ನೇ ಕಿತ್ತು ಮಾರಿದ ಹಾಗಾಯ್ತು ಇದು.

ಆಮೇಲೆ ಡ್ರಾಫ್ಟ್. 2016ರಲ್ಲಿ ಎರಡನೇ ಪಿಕ್ ಕೈಯಲ್ಲಿತ್ತು. ಅದನ್ನು ಫಿಲಡೆಲ್ಫಿಯಾ ಈಗಲ್ಸ್‌ಗೆ ಕೊಟ್ಟರು, ಅವರು ಕಾರ್ಸನ್ ವೆಂಟ್ಜ್ ಅವರನ್ನು ಆರಿಸಿದರು. ಬದಲಿಗೆ ಬಂದ ಎಂಟನೇ ಪಿಕ್ ಅನ್ನೂ ಮಾರಿ ಹದಿನೈದಕ್ಕೆ ಇಳಿದು ರಿಸೀವರ್ ಕೋರಿ ಕೋಲ್‌ಮನ್ ಅವರನ್ನು ತೆಗೆದುಕೊಂಡರು. ಈಗಲ್ಸ್ ಜೊತೆಗಿನ ಆ ವ್ಯಾಪಾರದಿಂದಲೇ 2017ರಲ್ಲಿ ಹನ್ನೆರಡನೇ ಪಿಕ್ ಬಂತು. ಅದನ್ನು ಹ್ಯೂಸ್ಟನ್‌ಗೆ ಕೊಟ್ಟರು, ಅವರು ಡೆಶಾನ್ ವಾಟ್ಸನ್ ಅವರನ್ನು ಆರಿಸಿದರು. ಎರಡು ವರ್ಷದಲ್ಲಿ ಎರಡು ಸಲ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವವನು) ಸಿಗುವ ಜಾಗದಲ್ಲಿ ನಿಂತು ಎರಡೂ ಸಲ ಜಾಗ ಬಿಟ್ಟುಕೊಟ್ಟರು. ಕೊನೆಗೆ ಎರಡನೇ ಸುತ್ತಿನಲ್ಲಿ ನೋಟ್ರ್ ಡೇಮ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಡಿಶೋನ್ ಕೈಜರ್ ಅವರನ್ನು ತಂದು, 21ನೇ ವಯಸ್ಸಿನ ಆ ಹುಡುಗನ ಕೈಗೆ ಇಡೀ ಸೀಸನ್ ಕೊಟ್ಟರು.

ಸೋಲೋದು ತಪ್ಪಲ್ಲ. ಆದರೆ ಸೋಲನ್ನೇ ಬಂಡವಾಳ ಅಂತ ಲೆಕ್ಕ ಹಾಕಿದವರು, ಆ ಎರಡು ವರ್ಷ ಮೈದಾನದಲ್ಲಿ ಮೈಯೊಡ್ಡಿ ಆಡಿದವರ ಆಯುಷ್ಯವನ್ನು ಖರ್ಚಿನ ಕಡೆ ಬರೆದುಕೊಳ್ಳಲೇ ಇಲ್ಲ. ನನ್ನ ತಕರಾರು ಇಷ್ಟೇ.

ಕೊಲಂಬಸ್_ಕನ್ನಡಿಗ

ಒಳ್ಳೇ ವಿಷಯ ಎತ್ತಿದ್ದೀರಿ, ಆದರೆ ಪೂರ್ತಿ ಒಪ್ಪಲಾರೆ. 0-16 ಅಂದ ಕೂಡಲೇ ಎಲ್ಲ ಪಂದ್ಯದಲ್ಲೂ ನೆಲ ಕಚ್ಚಿದರು ಅನ್ನೋ ಚಿತ್ರ ಬರುತ್ತೆ. ಫಲಿತಾಂಶ ನೋಡಿ. ಸ್ಟೀಲರ್ಸ್ ಎದುರು 21-18, ಕೋಲ್ಟ್ಸ್ ಎದುರು 31-28, ಜೆಟ್ಸ್ ಎದುರು 17-14, ಟೈಟನ್ಸ್ ಎದುರು ಓವರ್‌ಟೈಮ್‌ನಲ್ಲಿ 12-9. ನಾಲ್ಕೂ ಮೂರೇ ಪಾಯಿಂಟ್ ಅಂತರದ ಸೋಲು. ಪ್ಯಾಕರ್ಸ್ ಎದುರು ಓವರ್‌ಟೈಮ್, ಕೊನೆಯ ಪಂದ್ಯ 28-24. ಇವುಗಳಲ್ಲಿ ಎರಡು ಈ ಕಡೆ ವಾಲಿದ್ದರೆ 2-14 ಆಗುತ್ತಿತ್ತು, ಆಗ ಯಾರೂ ಚರ್ಚೆ ಮಾಡ್ತಿರಲಿಲ್ಲ. ಅದೃಷ್ಟದ ಪಾಲನ್ನೂ ಲೆಕ್ಕಕ್ಕೆ ತಗೊಳ್ಳಿ.

ಅಂಕಿ_ನೋಟ

ಅದೃಷ್ಟ ಅನ್ನೋದಕ್ಕಿಂತ ಚೆಂಡು ಕಳೆದುಕೊಂಡದ್ದು ಅನ್ನಿ. ಆ ವರ್ಷ ಬ್ರೌನ್ಸ್ ಟರ್ನೋವರ್ ವ್ಯತ್ಯಾಸ ಮೈನಸ್ 28. ಎದುರಾಳಿಯಿಂದ ಕಸಿದುಕೊಂಡದ್ದಕ್ಕಿಂತ 28 ಸಲ ಹೆಚ್ಚಾಗಿ ತಾವೇ ಚೆಂಡು ಒಪ್ಪಿಸಿದರು. ಕೈಜರ್ 15 ಪಂದ್ಯ ಶುರು ಮಾಡಿ 11 ಟಚ್‌ಡೌನ್ ಪಾಸ್ ಎಸೆದರು, 22 ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿ ಕೈಗೆ ಸಿಗೋದು) ಕೊಟ್ಟರು. ಇಂಟರ್‌ಸೆಪ್ಷನ್‌ನಲ್ಲಿ ಇಡೀ ಲೀಗ್‌ಗೇ ಮೊದಲು.

ಒಟ್ಟು ಗಳಿಸಿದ್ದು 234 ಪಾಯಿಂಟ್, ಬಿಟ್ಟುಕೊಟ್ಟದ್ದು 410. 2008ರ ಲಯನ್ಸ್ 517 ಬಿಟ್ಟುಕೊಟ್ಟಿದ್ದರು. ಅಂದರೆ ಲಯನ್ಸ್ ಕೈಲಿ ಎದುರಾಳಿಯನ್ನು ತಡೆಯೋದೇ ಆಗಲಿಲ್ಲ. ಬ್ರೌನ್ಸ್ ಒಂದಷ್ಟು ತಡೆದರು, ಆದರೆ ಚೆಂಡು ಉಳಿಸಿಕೊಳ್ಳಲಿಲ್ಲ. ಎರಡೂ 0-16 ಆದರೂ ರೋಗ ಬೇರೆ ಬೇರೆ.

ಹುಬ್ಬಳ್ಳಿ_ಹುಡುಗ

ನಮಸ್ಕಾರ್ರಿ ಎಲ್ಲಾರಿಗೂ. ನಾ ಈ ಆಟ ನೋಡಾಕ ಹತ್ತಿ ಭಾಳ ದಿನ ಆಗಿಲ್ಲ. ಒಂದು ಮಾತು ತಿಳೀವಲ್ದು. ಹದಿನಾರೂ ಸೋತ ಮ್ಯಾಲೆ ತಂಡಕ್ಕ ಶಿಕ್ಷೆ ಏನೂ ಇಲ್ಲೇನ್ರಿ? ಇಂಗ್ಲೆಂಡ್ ಫುಟ್‌ಬಾಲ್‌ನ್ಯಾಗ ಕೆಳಗಿನ ಲೀಗ್‌ಗೆ ದಬ್ತಾರಲ್ಲ, ಹಂಗ?

ಕೊಲಂಬಸ್_ಕನ್ನಡಿಗ

@ಹುಬ್ಬಳ್ಳಿ_ಹುಡುಗ ಇಲ್ಲ. ಎನ್‌ಎಫ್‌ಎಲ್‌ನಲ್ಲಿ ಇರೋದು 32 ತಂಡ, ಸೋತರೂ ಯಾರೂ ಕೆಳಗಿಳಿಯಲ್ಲ. ಉಲ್ಟಾ, ಕೊನೆಯ ಸ್ಥಾನದ ತಂಡಕ್ಕೆ ಮುಂದಿನ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. ಕಾಲೇಜಿನಿಂದ ಬರುವ ಆಟಗಾರರಲ್ಲಿ ಯಾರು ಬೇಕೋ ಅವರನ್ನು ಮೊದಲು ಆರಿಸಬಹುದು. ನಮ್ಮವರಿಗೆ ಗೊತ್ತಿರುವ ಉದಾಹರಣೆ ಬೇಕಾದರೆ, ಅದೇ 2017ರಲ್ಲಿ ಆರ್‌ಸಿಬಿ ಐಪಿಎಲ್ ಪಟ್ಟಿಯ ತಳದಲ್ಲಿತ್ತು. ಕೊನೆಗೆ ಬಂದದ್ದಕ್ಕೆ ಅವರಿಗೆ ಏನೂ ಸಿಗಲಿಲ್ಲ, ಮುಂದಿನ ಹರಾಜಿನಲ್ಲಿ ಎಲ್ಲರ ಜೊತೆಗೇ ಬಿಡ್ ಕೂಗಬೇಕಾಯ್ತು. ಇಲ್ಲಿ ಹಾಗಲ್ಲ, ಸೋಲಿಗೆ ಬೆಲೆ ಇದೆ. "ಬೇಕೆಂದೇ ಸೋತರಾ" ಅನ್ನೋ ಅನುಮಾನ ಹುಟ್ಟೋದೂ ಅಲ್ಲಿಂದಲೇ.

ಜೊತೆಗೆ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಸಂಬಳಕ್ಕೆ ತಂಡ ವರ್ಷಕ್ಕೆ ಖರ್ಚು ಮಾಡಬಹುದಾದ ಮಿತಿ. ಒಂದು ವರ್ಷ ಖರ್ಚು ಮಾಡದ ಮೊತ್ತವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. ಬ್ರೌನ್ಸ್ ಮಾಡಿದ್ದು ಅದನ್ನೇ.

ಹುಬ್ಬಳ್ಳಿ_ಹುಡುಗ

ಈಗ ತಿಳೀತ್ರಿ. ಹಂಗಾದ್ರ ಬೇಕಂತನ ಸೋತ್ರು ಅನ್ನೂದು ಖರೇನ?

ಎರಿ_ದಂಡೆ

ಮೈದಾನಕ್ಕಿಳಿದ ಯಾರೂ ಬೇಕಂತ ಸೋಲಲಿಲ್ಲ, ಇದನ್ನು ಒತ್ತಿ ಹೇಳ್ತೇನೆ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದ ಆಟಗಾರ, ಮೊಣಕಾಲು ಪಣಕ್ಕಿಟ್ಟು ಆಡುವಾಗ, ಬೇರೆ ಯಾರಿಗೋ ಸಿಗುವ ಪಿಕ್‌ಗೋಸ್ಕರ ಸೋಲ್ತಾನಾ? ಹ್ಯೂ ಜಾಕ್ಸನ್ 2022ರಲ್ಲಿ ತಂಡದ ಆಡಳಿತವೇ ಸೋಲಿಗೆ ಉತ್ತೇಜನ ಕೊಟ್ಟಿತ್ತು ಅನ್ನುವ ಅರ್ಥದ ಮಾತಾಡಿದರು. ಲೀಗ್ ಸ್ವತಂತ್ರ ತನಿಖೆ ಮಾಡಿಸಿತು, ಅದಕ್ಕೆ ಆಧಾರ ಸಿಗಲಿಲ್ಲ ಅಂತ ತೀರ್ಮಾನವಾಯ್ತು. ನಾನೂ ಅದನ್ನೇ ನಂಬ್ತೇನೆ.

ಆದರೆ "ಸೋಲಿ" ಅಂತ ಹೇಳೋದು ಬೇರೆ, ಗೆಲ್ಲೋಕೆ ಬೇಕಾದವರನ್ನು ಕೊಡದೇ ಇರೋದು ಬೇರೆ. ಮೇಲಿನವರು ಮುಂದಿನ ಮೂರು ವರ್ಷಕ್ಕೆ ಆಡ್ತಿದ್ದರು, ಕೋಚ್ ಈ ಭಾನುವಾರಕ್ಕೆ ಆಡ್ತಿದ್ದರು. ಇಬ್ಬರ ನಡುವೆ ಸಿಕ್ಕಿಕೊಂಡವರು ಕೈಜರ್. ಜೆಟ್ಸ್ ಪಂದ್ಯದ ಅರ್ಧದಲ್ಲಿ ಅವರನ್ನು ಕೂರಿಸಿ ಕೆವಿನ್ ಹೋಗನ್, ಮುಂದಿನ ವಾರ ಹೋಗನ್, ಮತ್ತೆ ಕೈಜರ್, ಟೈಟನ್ಸ್ ಪಂದ್ಯದಲ್ಲಿ ಅವರನ್ನು ತೆಗೆದು ಕೋಡಿ ಕೆಸ್ಲರ್. ಅಕ್ಟೋಬರ್ 31ರಂದು ಸಿನ್ಸಿನಾಟಿಯಿಂದ ಎ.ಜೆ. ಮೆಕ್‌ಕ್ಯಾರನ್ ಅವರನ್ನು ತರಿಸಿಕೊಳ್ಳುವ ಒಪ್ಪಂದವೂ ಆಗಿತ್ತು, ಗಡುವಿನೊಳಗೆ ಕಾಗದಪತ್ರ ಲೀಗ್ ಕಚೇರಿಗೆ ತಲುಪದೆ ಬಿದ್ದುಹೋಯ್ತು. 21 ವರ್ಷದ ಹುಡುಗ ಇದನ್ನೆಲ್ಲ ನೋಡಿಕೊಂಡು ಮುಂದಿನ ಭಾನುವಾರ ಮತ್ತೆ ಹೋಗಿ ನಿಲ್ಲಬೇಕು. ಅವರ 22 ಇಂಟರ್‌ಸೆಪ್ಷನ್ ಬಗ್ಗೆ ಮಾತಾಡುವಾಗ ಇದು ನೆನಪಿರಲಿ.

ಡೆಟ್ರಾಯಿಟ್_ದಿನಗಳು

ಇಷ್ಟು ಹೊತ್ತು ಓದ್ತಾ ಇದ್ದೆ, ಈಗ ಬರೀಲೇಬೇಕು. ನಾನು ಲಯನ್ಸ್ ಕಡೆಯವನು.

2008ರಲ್ಲಿ ನಮ್ಮ 0-16. ಜನರಲ್ ಮ್ಯಾನೇಜರ್ ಮ್ಯಾಟ್ ಮಿಲನ್ ಅವರನ್ನು ಸೆಪ್ಟೆಂಬರ್‌ನಲ್ಲೇ ತೆಗೆದರು. ಮಿನ್ನೆಸೋಟಾ ಎದುರಿನ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಓರ್ಲೊವ್ಸ್ಕಿ ಓಡುತ್ತಾ ತನ್ನದೇ ಎಂಡ್ ಝೋನ್‌ನ (ಮೈದಾನದ ತುದಿಯ ಪಟ್ಟಿ) ಹಿಂದಿನ ಗೆರೆ ದಾಟಿ, ಎದುರಾಳಿಗೆ ಪಾಯಿಂಟ್ ಸಿಗುವ 'ಸೇಫ್ಟಿ' ಕೊಟ್ಟರು. ಎರಡು ಪಾಯಿಂಟ್ ಹೋಯ್ತು, ಆ ಪಂದ್ಯ ಸೋತದ್ದೂ 12-10ರಲ್ಲಿ. ಅಂಥ ತಂಡದಲ್ಲಿ ಕ್ಯಾಲ್ವಿನ್ ಜಾನ್ಸನ್ 1,331 ಯಾರ್ಡ್, 12 ಟಚ್‌ಡೌನ್ ಹಿಡಿದರು. ಯಾರು ಎಸೆದರೂ ಹಿಡಿದರು! 2015ರ ಸೀಸನ್ ಮುಗಿಸಿ ನಿವೃತ್ತರಾದಾಗ ಅವರ ಹೆಸರಲ್ಲಿ ಒಂದೇ ಒಂದು ಪ್ಲೇಆಫ್ ಗೆಲುವು ಇರಲಿಲ್ಲ.

"ಮೊದಲ ಪಿಕ್ ಸಿಕ್ಕರೆ ಎಲ್ಲ ಸರಿಹೋಗುತ್ತೆ" ಅನ್ನೋರಿಗೆ: ನಮಗೆ ಸಿಕ್ಕ ಮೊದಲ ಪಿಕ್ ಮ್ಯಾಥ್ಯೂ ಸ್ಟ್ಯಾಫರ್ಡ್. ನಿಜವಾಗಿಯೂ ದೊಡ್ಡ ಆಟಗಾರ. ಆದರೂ ಅವರಿದ್ದಷ್ಟು ವರ್ಷ ಲಯನ್ಸ್ ಒಂದೂ ಪ್ಲೇಆಫ್ ಪಂದ್ಯ ಗೆಲ್ಲಲಿಲ್ಲ. ಅವರು ಲಾಸ್ ಏಂಜಲೀಸ್ ರಾಮ್ಸ್‌ಗೆ ಹೋದ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದರು. ಲಯನ್ಸ್ ಕೊನೆಗೂ ಪ್ಲೇಆಫ್ ಪಂದ್ಯ ಗೆದ್ದದ್ದು 2024ರ ಜನವರಿಯಲ್ಲಿ, 24-23ರಿಂದ, ಅದೂ ಸ್ಟ್ಯಾಫರ್ಡ್ ಅವರ ರಾಮ್ಸ್ ವಿರುದ್ಧವೇ. ಅದಕ್ಕೆ ಮುಂಚಿನ ಗೆಲುವು 1992ರ ಜನವರಿಯದು. ಪಿಕ್ ಒಬ್ಬ ಆಟಗಾರನನ್ನು ಕೊಡುತ್ತೆ. ಸುತ್ತಲಿನ ಮಿಕ್ಕದ್ದನ್ನು ಸಂಸ್ಥೆಯೇ ಕಟ್ಟಬೇಕು.

ಮಲೆನಾಡಿಂದ

ಜೋ ಥಾಮಸ್ ಬಗ್ಗೆ ಯಾರೂ ಬರೀಲಿಲ್ಲವಲ್ಲ ಅಂತ ಕಾಯ್ತಿದ್ದೆ.

ಎರಿ_ದಂಡೆ

@ಮಲೆನಾಡಿಂದ ಬರೆಯುವವನಿದ್ದೆ, ಬೇರೆಯಾಗಿಯೇ ಬರೀಬೇಕು ಅಂತ ಬಿಟ್ಟಿದ್ದೆ.

ಹೊಸಬರಿಗಾಗಿ: ಲೆಫ್ಟ್ ಟ್ಯಾಕಲ್ ಅಂದರೆ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವ ಜಾಗ. ಬಲಗೈಯಲ್ಲಿ ಎಸೆಯುವವನಿಗೆ ಎಡಬದಿಯಿಂದ ಬರುವವನು ಕಾಣಲ್ಲ, ಅವನನ್ನು ತಡೆಯೋದೇ ಈ ಆಟಗಾರನ ಕೆಲಸ. ಚೆಂಡು ಮುಟ್ಟೋದಿಲ್ಲ, ಪಾಯಿಂಟ್ ಗಳಿಸೋದಿಲ್ಲ, ಸರಿಯಾಗಿ ಆಡಿದರೆ ಟಿವಿಯಲ್ಲಿ ಹೆಸರೂ ಕೇಳೋದಿಲ್ಲ. ಥಾಮಸ್ 2007ರಲ್ಲಿ ಡ್ರಾಫ್ಟ್‌ನ ಮೂರನೆಯವರಾಗಿ ಬಂದರು. ಅವತ್ತಿನಿಂದ ಬ್ರೌನ್ಸ್ ಆಕ್ರಮಣಕ್ಕಿಳಿದ ಪ್ರತಿಯೊಂದು ಸ್ನ್ಯಾಪ್‌ನಲ್ಲೂ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಪ್ರತಿ ಸಲವೂ) ಇದ್ದರು. ಸೀಸನ್ ಕೈಬಿಟ್ಟ ಡಿಸೆಂಬರ್‌ಗಳಲ್ಲೂ, 30 ಪಾಯಿಂಟ್ ಹಿಂದಿದ್ದಾಗಲೂ ಹೊರಗೆ ಹೋಗಲಿಲ್ಲ. ಒಟ್ಟು 10,363 ಸ್ನ್ಯಾಪ್, ಒಂದನ್ನೂ ಬಿಡದೆ.

2017ರ ಅಕ್ಟೋಬರ್ 22, ಟೈಟನ್ಸ್ ಪಂದ್ಯ. ಎಡಗೈಯ ಟ್ರೈಸೆಪ್ಸ್ ಹರಿಯಿತು. ಅಲ್ಲಿಗೆ ಸರಣಿ ಮುರಿಯಿತು, 2018ರ ಮಾರ್ಚ್‌ನಲ್ಲಿ ಅವರು ನಿವೃತ್ತಿ ಹೇಳಿದರು. 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಹನ್ನೊಂದು ಸೀಸನ್‌ನಲ್ಲಿ ಒಂದೂ ಪ್ಲೇಆಫ್ ಪಂದ್ಯ ಆಡಲಿಲ್ಲ. ಅವರ ಕೊನೆಯ ಎರಡು ವರ್ಷವೇ ಈ 1-31. ನಾನು ಮೊದಲ ಪೋಸ್ಟ್‌ನಲ್ಲಿ ಖರ್ಚಿನ ಕಡೆ ಬರೆಯಲಿಲ್ಲ ಅಂದೆನಲ್ಲ, ಯಾರ ಬಗ್ಗೆ ಅಂತ ಈಗ ಗೊತ್ತಾಗಿರಬೇಕು.

ಕೊಲಂಬಸ್_ಕನ್ನಡಿಗ

ಥಾಮಸ್ ವಿಷಯದಲ್ಲಿ ಎರಡು ಮಾತಿಲ್ಲ. ಆದರೂ ನನ್ನ ವಾದ ಮುಗಿದಿಲ್ಲ. 2021ರ ಜನವರಿ 10ರಂದು ಪ್ಲೇಆಫ್ ಪಂದ್ಯದಲ್ಲಿ ಪಿಟ್ಸ್‌ಬರ್ಗ್‌ಗೇ ಹೋಗಿ ಸ್ಟೀಲರ್ಸ್ ಅನ್ನು 48-37ರಿಂದ ಸೋಲಿಸಿದ ತಂಡ ಯಾರದು? ಮೈಲ್ಸ್ ಗ್ಯಾರೆಟ್ 2017ರ ಮೊದಲ ಪಿಕ್. ಬೇಕರ್ ಮೇಫೀಲ್ಡ್ 2018ರ ಮೊದಲ ಪಿಕ್. ನಿಕ್ ಚಬ್, ಡೆಂಜೆಲ್ ವಾರ್ಡ್ 2018ರವರು. ಡೇವಿಡ್ ಎನ್‌ಜೋಕು 2017. ಸಾಶಿ ಬ್ರೌನ್ ಕೂಡಿಟ್ಟ ಪಿಕ್‌ಗಳಿಲ್ಲದೆ ಆ ರಾತ್ರಿ ಬರ್ತಿತ್ತಾ? 2017ರ ಡಿಸೆಂಬರ್ 7ರಂದು ಅವರನ್ನು ತೆಗೆದರು, ಜಾನ್ ಡಾರ್ಸಿ ಬಂದು ಹಣ್ಣು ಕೊಯ್ದರು.

ಎರಿ_ದಂಡೆ

ಈ ವಾದಕ್ಕೆ ಬಲ ಇದೆ, ಅದಕ್ಕೇ ಒಂದೊಂದಾಗಿ ನೋಡೋಣ.

ವಾರ್ಡ್: ನಾಲ್ಕನೇ ಪಿಕ್. ಅದು ಹ್ಯೂಸ್ಟನ್‌ನದು, ವಾಟ್ಸನ್ ವ್ಯಾಪಾರದಿಂದ ಬಂದದ್ದು. ಚಬ್: 35ನೇ ಪಿಕ್. ಅದೂ ಹ್ಯೂಸ್ಟನ್‌ನದೇ. ಬ್ರಾಕ್ ಆಸ್ವೈಲರ್ ಅವರ 16 ಮಿಲಿಯನ್ ಡಾಲರ್ ಸಂಬಳದ ಹೊರೆ ಹೊತ್ತುಕೊಂಡದ್ದಕ್ಕೆ ಸಿಕ್ಕದ್ದು, ಆ ಯೋಚನೆ ಬುದ್ಧಿವಂತಿಕೆಯದೇ, ಮೆಚ್ಚುತ್ತೇನೆ. ಎನ್‌ಜೋಕು 29ನೇ ಪಿಕ್, ಮತ್ತೆ ವ್ಯಾಪಾರ. ಈ ಮೂವರೂ ಬಂದದ್ದು ಚೌಕಾಸಿಯಿಂದ, ನೇರವಾಗಿ ಸೋಲಿನಿಂದಲ್ಲ.

ಸೋತದ್ದಕ್ಕೆ ನೇರವಾಗಿ ಸಿಕ್ಕವರು ಗ್ಯಾರೆಟ್ ಮತ್ತು ಮೇಫೀಲ್ಡ್. ಇಲ್ಲಿ ಗಮನಿಸಿ: 2017ರಲ್ಲಿ ಕೆಳಗಿನಿಂದ ಎರಡನೇ ತಂಡ ನ್ಯೂಯಾರ್ಕ್ ಜೈಂಟ್ಸ್, ಅವರದು 3-13. ನೀವೇ ಹೇಳಿದ ಆ ಎರಡು ಪಂದ್ಯ ಗೆದ್ದು 2-14 ಆಗಿದ್ದರೂ ಮೊದಲ ಪಿಕ್ ಬ್ರೌನ್ಸ್‌ಗೇ ಬರ್ತಿತ್ತು! ಆ ಎರಡು ಸೋಲಿನಿಂದ ಡ್ರಾಫ್ಟ್‌ನಲ್ಲಿ ಒಂದು ಕೂದಲಿನಷ್ಟೂ ಲಾಭ ಆಗಲಿಲ್ಲ. ನಷ್ಟ ಮಾತ್ರ ಆಟಗಾರರಿಗೆ, ಊರಿಗೆ.

ಮೇಫೀಲ್ಡ್ ಅವರನ್ನು 2022ರ ಜುಲೈನಲ್ಲಿ ಕ್ಯಾರೊಲಿನಾಗೆ ಕಳಿಸಿದರು. ಅದೇ ವರ್ಷ ಮಾರ್ಚ್‌ನಲ್ಲಿ ಯಾರನ್ನು ತಂದರು? ವಾಟ್ಸನ್. 2017ರಲ್ಲಿ ಹನ್ನೆರಡನೇ ಪಿಕ್ ಕೈಯಲ್ಲೇ ಇದ್ದಾಗ ಬೇಡವೆಂದವರನ್ನು, ಮೂರು ಮೊದಲ ಸುತ್ತಿನ ಪಿಕ್ ಕೊಟ್ಟು, 230 ಮಿಲಿಯನ್ ಡಾಲರ್ ಖಚಿತ ಸಂಬಳದ ಮೇಲೆ ತಂದರು. ಬಂದ ವರ್ಷ 11 ಪಂದ್ಯ ನಿಷೇಧ. 2024ರಲ್ಲಿ ತಂಡ ಮತ್ತೆ 3-14. ಕೂಡಿಟ್ಟದ್ದು ಎಲ್ಲಿ ಹೋಯ್ತು ನೋಡಿ.

ಅಂಕಿ_ನೋಟ

ಜೈಂಟ್ಸ್ ಲೆಕ್ಕ ಸರಿ ಇದೆ. 2016ರಲ್ಲಿ ಮಾತ್ರ ಅಂತರ ಕಡಿಮೆ ಇತ್ತು: ಬ್ರೌನ್ಸ್ 1-15, ಸ್ಯಾನ್ ಫ್ರಾನ್ಸಿಸ್ಕೊ 2-14. ಅಲ್ಲಿ ಇನ್ನೆರಡು ಗೆದ್ದಿದ್ದರೆ ಗ್ಯಾರೆಟ್ ಕೈತಪ್ಪುತ್ತಿದ್ದರು. ಗ್ಯಾರೆಟ್ 2023ರಲ್ಲಿ ಲೀಗ್‌ನ ಶ್ರೇಷ್ಠ ಡಿಫೆನ್ಸ್ ಆಟಗಾರ ಆದರು ಅನ್ನೋದನ್ನೂ ಸೇರಿಸಿ. ಹಾಗಾಗಿ 1-15ಕ್ಕೆ ಒಂದು ಫಲ ಸಿಕ್ಕಿತು ಅನ್ನಬಹುದು. 0-16ಕ್ಕೆ ಅದೂ ಇಲ್ಲ.

ಆರಾಧನೆ_ಊರು

ನಮ್ಮ ಸಂಗೀತದವರಿಗೆ ಕ್ಲೀವ್‌ಲ್ಯಾಂಡ್ ಅಂದರೆ ತ್ಯಾಗರಾಜ ಆರಾಧನೆ. ನಾನು ಆ ಊರಿಗೆ ಹೋದದ್ದು ಅದಕ್ಕೇ, ಆಮೇಲೆ ಕೆಲಸ ಸಿಕ್ಕಿ ಅಲ್ಲೇ ಉಳಿದೆ. ಬ್ರೌನ್ಸ್ ಏನು ಅಂತ ಗೊತ್ತಾಗೋಕೆ ಅಲ್ಲಿ ಬದುಕಬೇಕು.

1995ರ ನವೆಂಬರ್‌ನಲ್ಲಿ ಮಾಲೀಕ ಆರ್ಟ್ ಮೊಡೆಲ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಸಾರಿದರು. ಊರಿನವರು ಹೋರಾಡಿ ಹೆಸರು, ಬಣ್ಣ, ದಾಖಲೆ ಉಳಿಸಿಕೊಂಡರು. ಮೂರು ವರ್ಷ ತಂಡವೇ ಇರಲಿಲ್ಲ, 1999ರಲ್ಲಿ ಹೊಸದಾಗಿ ಬಂತು. ಹೋದ ತಂಡ ರೇವನ್ಸ್ ಅಂತ ಹೆಸರಿಟ್ಟುಕೊಂಡು 2000ದ ಸೀಸನ್ನಿನಲ್ಲೇ ಸೂಪರ್ ಬೌಲ್ ಗೆದ್ದಿತು. ಬ್ರೌನ್ಸ್ ಇವತ್ತಿನವರೆಗೆ ಒಂದು ಸೂಪರ್ ಬೌಲ್ ಕೂಡ ಆಡಿಲ್ಲ. ಕೊನೆಯ ಚಾಂಪಿಯನ್‌ಷಿಪ್ 1964ರದ್ದು, ಜಿಮ್ ಬ್ರೌನ್ ಆಡ್ತಿದ್ದ ಕಾಲ. ಇಂಥ ಊರಿಗೆ "ಎರಡು ವರ್ಷ ತಾಳಿ" ಅಂತ ಹೇಳೋದು ಸುಲಭ ಅಲ್ಲ.

2018ರ ಜನವರಿ 6ರಂದು, ಮೈ ಕೊರೆಯುವ ಚಳಿಯಲ್ಲಿ, ಸಾವಿರಾರು ಜನ ಸ್ಟೇಡಿಯಂ ಸುತ್ತ ಸೊನ್ನೆಯ ಆಕಾರದಲ್ಲಿ ಮೆರವಣಿಗೆ ಹೋದರು. ಕೆಲವು ಆಟಗಾರರಿಗೆ ಅದು ಹಿಡಿಸಲಿಲ್ಲ, ಅವಮಾನ ಅಂದುಕೊಂಡರು. ಅವರ ನೋವು ಅರ್ಥವಾಗುತ್ತೆ. ಆದರೆ ಬಂದವರ ಸಿಟ್ಟು ಆಟಗಾರರ ಮೇಲೆ ಇರಲಿಲ್ಲ, ಮಾಲೀಕರ ಮೇಲಿತ್ತು. ಮೆರವಣಿಗೆ ಹೆಸರಲ್ಲಿ ಸಂಗ್ರಹವಾದದ್ದು ಹಸಿದವರಿಗೆ ಆಹಾರ ಹಂಚುವ ಗ್ರೇಟರ್ ಕ್ಲೀವ್‌ಲ್ಯಾಂಡ್ ಫುಡ್ ಬ್ಯಾಂಕ್‌ಗೆ ಹೋಯ್ತು. ತಂಡವನ್ನು ಪ್ರೀತಿಸದವರು ಆ ಚಳಿಯಲ್ಲಿ ಮನೆಯಿಂದ ಹೊರಗೆ ಬರಲ್ಲ.

ಹುಬ್ಬಳ್ಳಿ_ಹುಡುಗ

ಓದಿ ಮನಸ್ಸು ಭಾರ ಆತ್ರಿ. ಅಷ್ಟು ಮಂದಿ ಬರ್ತಾರಂದ್ರ ಆ ಊರಾಗ ಈ ತಂಡ ಅಂದ್ರ ಏನಿರಬೇಕು. ಒಂದು ಪಂದ್ಯ ನೋಡಬೇಕಂದ್ರ ಯಾವುದು ನೋಡ್ಲಿ?

ಕೊಲಂಬಸ್_ಕನ್ನಡಿಗ

2017ರ ಡಿಸೆಂಬರ್ 10, ಪ್ಯಾಕರ್ಸ್ ವಿರುದ್ಧ. ಏರನ್ ರಾಜರ್ಸ್ ಗಾಯದಿಂದ ಹೊರಗಿದ್ದರು, ಎದುರಿಗೆ ಬ್ರೆಟ್ ಹಂಡ್ಲಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಬ್ರೌನ್ಸ್ 21-7 ಮುಂದೆ. ಇವತ್ತು ಗೆದ್ದೇಬಿಟ್ಟರು ಅನ್ನಿಸಿತ್ತು. ಒಂದು ಉದ್ದದ ಪಂಟ್ ರಿಟರ್ನ್ (ಬ್ರೌನ್ಸ್ ಒದ್ದ ಚೆಂಡನ್ನು ಹಿಡಿದು ವಾಪಸ್ ಓಡಿದ್ದು) ಎಲ್ಲ ತಿರುಗಿಸಿತು, 17 ಸೆಕೆಂಡ್ ಉಳಿದಿದ್ದಾಗ 21-21. ಓವರ್‌ಟೈಮ್‌ನಲ್ಲಿ ಎದುರಾಳಿ ಮೈಮೇಲೆ ಬಿದ್ದಾಗ ಕೈಜರ್ ಚೆಂಡು ಎಸೆದುಬಿಟ್ಟರು, ಅದು ಇಂಟರ್‌ಸೆಪ್ಷನ್. ನಂತರ ಡವಾಂಟೆ ಆಡಮ್ಸ್ 25 ಯಾರ್ಡ್ ಟಚ್‌ಡೌನ್. 27-21. ಆ ವರ್ಷ ಏನು ನಡೀತು ಅನ್ನೋದು ಅದೊಂದೇ ಪಂದ್ಯದಲ್ಲಿ ಇದೆ.

ಮಲೆನಾಡಿಂದ

ನಾನಾದರೆ ಡಿಸೆಂಬರ್ 31ರದ್ದು ಹೇಳ್ತೇನೆ. ಸ್ಟೀಲರ್ಸ್ ತಮ್ಮ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟಿದ್ದರು. 28-24. ಎರಡು ನಿಮಿಷಕ್ಕಿಂತ ಕಡಿಮೆ ಸಮಯ, ಫೋರ್ತ್ ಅಂಡ್ ಟೂ, ಅಂದರೆ ಕೊನೆಯ ಯತ್ನ, ಎರಡು ಯಾರ್ಡ್ ಬೇಕು. ಕೈಜರ್ ಒತ್ತಡದಿಂದ ತಪ್ಪಿಸಿಕೊಂಡು ಚೆನ್ನಾಗಿಯೇ ಎಸೆದರು. ಕೋರಿ ಕೋಲ್‌ಮನ್ ಕೈಗೆ ಬಂದ ಚೆಂಡು ಜಾರಿತು. ವೆಂಟ್ಜ್ ಪಿಕ್ ಮಾರಿ ತಂದ ಅದೇ ಕೋಲ್‌ಮನ್. ಐದು ವಾರದ ನಂತರ ಈಗಲ್ಸ್ ಸೂಪರ್ ಬೌಲ್ ಗೆದ್ದರು.

ಆರಾಧನೆ_ಊರು

ಗೆಲುವೂ ಒಂದು ನೋಡಲಿ ಬಿಡಿ. 2018ರ ಸೆಪ್ಟೆಂಬರ್ 20, ಗುರುವಾರ ರಾತ್ರಿ, ಜೆಟ್ಸ್ ವಿರುದ್ಧ. ಟೈರಾಡ್ ಟೇಲರ್ ಗಾಯಗೊಂಡು ಹೊರಗೆ ಹೋದರು, ಮೇಫೀಲ್ಡ್ ಮೊದಲ ಸಲ ಇಳಿದರು. 14-0 ಹಿಂದಿದ್ದವರು 21-17ರಿಂದ ಗೆದ್ದರು. ಹಿಂದಿನ ಗೆಲುವಾಗಿ 635 ದಿನ ಆಗಿತ್ತು. ಆ ರಾತ್ರಿ ಊರು ಮಲಗಲಿಲ್ಲ.

ಡೆಟ್ರಾಯಿಟ್_ದಿನಗಳು

ಕೊಲಂಬಸ್ ಅವರಿಗೆ ಒಂದು ಪ್ರಶ್ನೆ. ನೀವು ಹೇಳಿದ ಆ ಪಿಟ್ಸ್‌ಬರ್ಗ್ ಗೆಲುವಿನಲ್ಲಿ, ಸೋಲಿನ ವರ್ಷಗಳಿಂದ ಉಳಿದುಕೊಂಡು ಬಂದವರು ಎಷ್ಟು ಜನ ಇದ್ದರು?

ಕೊಲಂಬಸ್_ಕನ್ನಡಿಗ

ಬೆರಳೆಣಿಕೆ. ಗ್ಯಾರೆಟ್, ಎನ್‌ಜೋಕು, ಸೆಂಟರ್ ಜೆ.ಸಿ. ಟ್ರೆಟರ್, ರಶಾರ್ಡ್ ಹಿಗಿನ್ಸ್, ಲ್ಯಾರಿ ಓಗುಂಜೋಬಿ. ಎಲ್ಲರಿಗಿಂತ ಹಳಬರಾದ ಗಾರ್ಡ್ ಜೋಯೆಲ್ ಬಿಟೋನಿಯೊ ಇರಲಿಲ್ಲ. 2014ರಿಂದ ಇದ್ದವರು, ಥಾಮಸ್ ಪಕ್ಕದಲ್ಲೇ ನಿಂತು ಆಡಿದವರು. ಕೋವಿಡ್ ಬಂದು ಆ ಪಂದ್ಯ ತಪ್ಪಿತು. ಕೋಚ್ ಕೆವಿನ್ ಸ್ಟೆಫಾನ್ಸ್ಕಿ ಅವರೂ ಅದೇ ಕಾರಣಕ್ಕೆ ಮನೆಯಲ್ಲಿದ್ದರು.

ಎರಿ_ದಂಡೆ ಅವರ ಮಾತಿನಲ್ಲಿ ನನಗೆ ಹಿಡಿಸಿದ್ದು ಜೈಂಟ್ಸ್ ಲೆಕ್ಕ. ಪಿಕ್ ಕೂಡಿಡೋದು ತಪ್ಪಲ್ಲ ಅಂತ ಈಗಲೂ ಹೇಳ್ತೇನೆ. ಆದರೆ ಮ್ಯಾಕ್, ಶ್ವಾರ್ಟ್ಜ್ ಇಬ್ಬರನ್ನೂ ಉಳಿಸಿಕೊಂಡೇ ಪಿಕ್ ಕೂಡಿಡಬಹುದಿತ್ತು.

ಎರಿ_ದಂಡೆ

ಅಷ್ಟು ಒಪ್ಪಿದರೆ ನಮ್ಮಿಬ್ಬರಿಗೆ ಜಗಳವೇ ಇಲ್ಲ. ಬಿಟೋನಿಯೊ ಮುಂದಿನ ವಾರ ಕ್ಯಾನ್ಸಸ್ ಸಿಟಿಯಲ್ಲಿ ಆಡಿದರು, 22-17ರಿಂದ ಸೋತರು. @ಹುಬ್ಬಳ್ಳಿ_ಹುಡುಗ, ಪಂದ್ಯ ನೋಡುವಾಗ ಚೆಂಡಿನ ಹಿಂದೆ ಹೋಗಬೇಡಿ, ಸಾಲಿನ ಎಡಬದಿಯಲ್ಲಿ 73 ಮತ್ತು 75ನೇ ನಂಬರ್ ಹುಡುಕಿ. 73 ಥಾಮಸ್, 75 ಬಿಟೋನಿಯೊ. 2017ರ ಸೀಸನ್ನಿನಲ್ಲಿ ಅಕ್ಟೋಬರ್ 22ಕ್ಕೆ ಮುಂಚಿನ ಯಾವ ಪಂದ್ಯವಾದರೂ ಸರಿ, ಇಬ್ಬರೂ ಸಿಗ್ತಾರೆ.